ಕುಲುಮೆ ಬೇಡ, ಒಂದು ಒಳ್ಳೆ ಅರ ಸಾಕು

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಾನು ಗದಗ ಕಡೆಯವನು, ಪುಣೆಯ ಚಿಂಚವಡದಲ್ಲಿ ಐಟಿ ಕೆಲಸ. ಎರಡು ವರ್ಷದಿಂದ ಚಾಕು ಮಾಡುವ ವಿಡಿಯೊ ನೋಡಿ ನೋಡಿ ಹುಚ್ಚು ಹತ್ತಿದೆ. ಮನೆಗೊಂದು ಅಡುಗೆ ಚಾಕುವನ್ನು ಕೈಯಾರೆ ಮಾಡಬೇಕು. ಬೆಲ್ಟ್ ಗ್ರೈಂಡರ್, ಗ್ಯಾಸ್ ಕುಲುಮೆ, ಕಮ್ಮಾರರ ಅಡಿಗಲ್ಲು ಅಂತ ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ನನ್ನ ಹತ್ತಿರ ಇರುವುದು ಆರು ಸಾವಿರ ರೂಪಾಯಿ, ಒಂದು ಬಾಲ್ಕನಿ, ಪರಿಚಯದ ಗ್ಯಾರೇಜಿನವರು ಕೊಟ್ಟ ಲಾರಿಯ ಹಳೇ ಕಮಾನು ಪಟ್ಟಿ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ ಕಮಾನು ಪಟ್ಟಿಯನ್ನು ಬಾಲ್ಕನಿಯ ಮೂಲೆಗೆ ಸರಿಸಿ. ಎಸೆಯಬೇಡಿ, ಮುಂದೆ ಕೆಲಸಕ್ಕೆ ಬರುತ್ತದೆ. ಮೊದಲ ಚಾಕುವಿಗೆ ಮಾತ್ರ ಬೇಡ.

ಅದು ಒಳ್ಳೆ ಉಕ್ಕೇ. ನಮ್ಮಲ್ಲಿ ಕಮಾನು ಪಟ್ಟಿಗೆ ಜಾಸ್ತಿ ಬಳಸುವುದು ಇಎನ್45 ಅಥವಾ ಅದರ ಅಣ್ಣ ತಮ್ಮಂದಿರು. ಊರಿನ ಕಮ್ಮಾರರು ಕುಡುಗೋಲು, ಕೊಡಲಿ ಮಾಡುವುದೂ ಹೆಚ್ಚಾಗಿ ಅದರಲ್ಲೇ. ಆದರೆ ನಿಮ್ಮ ಅಡುಗೆ ಚಾಕುವಿಗೆ ಬೇಕಾದ್ದು ಎರಡೂವರೆ ಮಿಲಿಮೀಟರ್ ದಪ್ಪ. ಲಾರಿ ಪಟ್ಟಿ ಅದರ ಮೂರು ನಾಲ್ಕು ಪಟ್ಟು. ಬಡಿದು ತೆಳ್ಳಗೆ ಮಾಡಲು ಕುಲುಮೆ ಬೇಕು, ಉಜ್ಜಿ ತೆಳ್ಳಗೆ ಮಾಡಲು ಒಂದು ಜನ್ಮ ಬೇಕು. ಆ ಪಟ್ಟಿಗೆ ಮೊದಲೇ ಹದ ಕೊಟ್ಟಿರುತ್ತಾರೆ, ಅಂದರೆ ಕಾಯಿಸಿ ಅದ್ದಿ ಗಟ್ಟಿ ಮಾಡಿರುತ್ತಾರೆ, ಹಾಗಾಗಿ ಅರ (ಉಕ್ಕು ಉಜ್ಜುವ ಫೈಲ್) ಅದರ ಮೇಲೆ ಸರಿಯಾಗಿ ಕಚ್ಚುವುದೂ ಇಲ್ಲ. ಜೊತೆಗೆ ಅಷ್ಟು ವರ್ಷ ಲಾರಿಯ ಭಾರ ಹೊತ್ತು ಬಾಗಿ ಬಾಗಿ ಒಳಗೆ ಕಣ್ಣಿಗೆ ಕಾಣದ ಬಿರುಕು ಬಿದ್ದಿರಬಹುದು. ಅದು ಗೊತ್ತಾಗುವುದು ಕೊನೆಯಲ್ಲಿ, ನಿಮ್ಮ ಮೂರು ಭಾನುವಾರ ಹೋದ ಮೇಲೆ.

ಪುಣೆಗೆ ಬಂದ ಹೊಸತರಲ್ಲಿ ನಾನೂ ಬುಧವಾರ, ಭಾನುವಾರ ಹಳೇ ಸಾಮಾನಿನ ಜೂನಾ ಬಜಾರಿಗೆ ಓಡುತ್ತಿದ್ದೆ. ಇಲ್ಲಿ ಗುಜರಿಗೆ ಭಂಗಾರ ಅನ್ನುತ್ತಾರೆ. ಕನ್ನಡದ ಕಿವಿಗೆ ಅದು ಬಂಗಾರ ಅಂತಲೇ ಕೇಳುತ್ತದೆ, ನಾನು ಹಾಗೇ ತಿಳಿದು ಹೊತ್ತು ತರುತ್ತಿದ್ದೆ. ಸವೆದ ಅರ ಒಂದರಿಂದ ನನ್ನ ಮೊದಲ ಚಾಕು ಮಾಡಿದೆ. ಚೆನ್ನಾಗಿಯೇ ಬಂದಿತ್ತು. ಕೆಂಪಗೆ ಕಾಯಿಸಿ ತಣ್ಣೀರಿಗೆ ಅದ್ದಿದೆ. ಬಕೆಟ್ಟಿನೊಳಗಿಂದ ‘ಟಿಣ್’ ಅಂತ ಸಣ್ಣ ಸದ್ದು. ಎತ್ತಿ ನೋಡಿದರೆ ಬಾಯಿಂದ ಬೆನ್ನಿನವರೆಗೆ ಕೂದಲೆಳೆಯ ಬಿರುಕು. ಕಾರ್ಖಾನೆಗೆ ಬೇಕಾದ ಅಚ್ಚು, ಉಪಕರಣ ಮಾಡುವ ಟೂಲ್‌ರೂಮಿನಲ್ಲಿ ಕೆಲಸ ಮಾಡುವವನಿಗೇ ಹೀಗಾಯಿತು. ಎರಡು ದಿನ ಯಾರಿಗೂ ಹೇಳಲಿಲ್ಲ.

ಯಾವ ಉಕ್ಕು ಅಂತ ಗೊತ್ತಿಲ್ಲದೆ ಹದ ಕೊಟ್ಟರೆ ಹೀಗೇ ಆಗಬಹುದು. ಆದ್ದರಿಂದ ಹಣ ಉಳಿಸುವ ಜಾಗ ಉಕ್ಕು ಅಲ್ಲ. ಅದು ಇಡೀ ಲೆಕ್ಕದಲ್ಲಿ ಸಣ್ಣ ಖರ್ಚು. ಹೆಸರು ಗೊತ್ತಿರುವ ಹೊಸ ಪಟ್ಟಿ ತೆಗೆದುಕೊಳ್ಳಿ. 1084, ಸಿ75, ಸಿ80 ಇವುಗಳಲ್ಲಿ ಯಾವುದಾದರೂ ಸರಿ. ಇವು ಸಾದಾ ಕಾರ್ಬನ್ ಉಕ್ಕು. ಕಾರ್ಬನ್ ಸುಮಾರು 0.75ರಿಂದ 0.85 ಶೇಕಡಾ. ಹದ ಕೊಡುವಾಗ ಹೆಚ್ಚು ಹಟ ಮಾಡುವುದಿಲ್ಲ. ಬೇರಿಂಗ್ ಉಕ್ಕಾದ ಇಎನ್31 ಇನ್ನೂ ಚೆನ್ನಾಗಿ ಬಾಯಿ ಹಿಡಿಯುತ್ತದೆ, ಆದರೆ ಅದರ ಹದ ಮನೆಯಲ್ಲಿ ಮಾಡುವಂಥದ್ದಲ್ಲ. ಅಂಗಡಿಯವರು ‘ಇಎನ್8 ಇದೆ, ಅದೇ ಒಯ್ಯಿರಿ’ ಅಂದರೆ ಬೇಡ ಅನ್ನಿ. ಅದರಲ್ಲಿ ಕಾರ್ಬನ್ 0.4 ಶೇಕಡಾ, ಶಾಫ್ಟಿಗೆ ಸರಿ, ಚಾಕುವಿಗೆ ಕಡಿಮೆ. ಗ್ರಿಲ್ ಮಾಡುವ ಎಂಎಸ್ (ಮೈಲ್ಡ್ ಸ್ಟೀಲ್) ಪಟ್ಟಿಯಂತೂ ಎಷ್ಟು ಕಾಯಿಸಿ ಅದ್ದಿದರೂ ಚಾಕುವಿಗೆ ಬೇಕಾದಷ್ಟು ಗಟ್ಟಿಯಾಗದು. ಇನ್ನೊಂದು ಮಾತು. ಈ ಹೊಸ ಪಟ್ಟಿ ಹದ ಕೊಟ್ಟದ್ದೂ ಸಿಗುತ್ತದೆ, ಮೆತ್ತಗಿನದೂ ಸಿಗುತ್ತದೆ. ‘ಅನೀಲ್ಡ್ ಬೇಕು’, ಅಂದರೆ ಮೆತ್ತಗಿನದು ಬೇಕು ಅಂತ ಬಾಯಿಬಿಟ್ಟು ಕೇಳಿ. ದಪ್ಪ ಎರಡೂವರೆ ಅಥವಾ ಮೂರು ಮಿಲಿಮೀಟರ್.

ಇನ್ನು ಬೆಲ್ಟ್ ಗ್ರೈಂಡರ್. ವಿಡಿಯೊದವರಿಗೆ ಅದು ಬೇಕು, ಅವರಿಗೆ ಹತ್ತು ನಿಮಿಷದಲ್ಲಿ ಚಾಕು ಮುಗಿಯಬೇಕು. ನಿಮಗೇನು ಅವಸರ? ಹೊಸಬರ ಕೈಯಲ್ಲಿ ಗ್ರೈಂಡರ್ ಮಾಡುವ ಮೊದಲ ಕೆಲಸ ಅಂದರೆ ತಪ್ಪನ್ನು ಬೇಗ ಮಾಡುವುದು. ಅರದಲ್ಲಿ ತಪ್ಪು ನಿಧಾನವಾಗಿ ಆಗುತ್ತದೆ, ನಡುವೆ ತಿದ್ದಿಕೊಳ್ಳಲು ಪುರಸೊತ್ತು ಇರುತ್ತದೆ.

ಇಲ್ಲಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಅರ ಅಂದರೆ ತಿಳಿಯುವುದಿಲ್ಲ, ಮರಾಠಿಯಲ್ಲಿ ‘ಕಾನಸ್’ ಅನ್ನಿ. ಹನ್ನೆರಡು ಇಂಚಿನ ಚಪ್ಪಟೆ ಒರಟು ಅರ ಒಂದು, ಎಂಟು ಇಂಚಿನ ನಯ ಅರ ಒಂದು, ಒಳಬಾಗಿಗೆ ಅರ್ಧ ದುಂಡಿನದು ಒಂದು. ಜೆಕೆ ಕಂಪನಿಯದೋ ಅಂಥದ್ದೇ ಬೇರೆಯದೋ ಇರಲಿ, ಹೊಸದೇ ಇರಲಿ. ಒಂದು ಹ್ಯಾಕ್ಸಾ, ಎರಡು ಸಿ ಕ್ಲಾಂಪ್, 120ರಿಂದ 400 ನಂಬರಿನವರೆಗೆ ಎಮೆರಿ ಕಾಗದ, ಕಣ್ಣಿನ ರಕ್ಷಣೆಗೆ ಕನ್ನಡಕ, ಒಳ್ಳೆ ಮಾಸ್ಕ್. ಡ್ರಿಲ್ ಪಕ್ಕದ ಮನೆಯವರ ಹತ್ತಿರ ಇದ್ದೇ ಇರುತ್ತದೆ. ಉಕ್ಕು, ಅಂಟು, ಹಿಡಿಯ ಕಟ್ಟಿಗೆ ಸೇರಿಸಿದರೂ ನಿಮ್ಮ ಆರು ಸಾವಿರದಲ್ಲಿ ಹದ ಕೊಡಿಸಲು ಮಿಗುತ್ತದೆ.

ಆಕಾರ ದೊಡ್ಡದು ಬೇಡ. ಅಲಗು ನಾಲ್ಕೂವರೆ ಇಂಚು, ಹಿಡಿ ನಾಲ್ಕು ಇಂಚು. ರಟ್ಟಿನಲ್ಲಿ ಕತ್ತರಿಸಿ, ಹಿಡಿಯುವ ಜಾಗಕ್ಕೆ ಇನ್ನೆರಡು ರಟ್ಟು ಅಂಟಿಸಿ ಒಂದು ವಾರ ಅಡುಗೆಮನೆಯಲ್ಲಿ ಇಡಿ. ಚಾಕು ಬಳಸುವವರು ಅದನ್ನು ಹಿಡಿದು ನೋಡಿ ಬೈಯಲಿ. ರಟ್ಟಿನಲ್ಲಿ ಬೈಸಿಕೊಳ್ಳುವುದು ಅಗ್ಗ, ಅಲ್ವಾ?

ಪಟ್ಟಿಯ ಮೇಲೆ ಗೆರೆ ಹಾಕಿ ಹ್ಯಾಕ್ಸಾದಲ್ಲಿ ಕೊಯ್ಯಿರಿ. ಬಾಗಿದ ಕಡೆ ಸಾಲಾಗಿ ತೂತು ಕೊರೆದು ನಡುವೆ ಕೊಯ್ದರೆ ಸಲೀಸು. ಕೊರೆಯುವಾಗ ಪಟ್ಟಿಯನ್ನು ಕ್ಲಾಂಪಿನಲ್ಲಿ ಬಿಗಿಯಿರಿ, ಕೈಯಲ್ಲಿ ಹಿಡಿಯಬೇಡಿ. ಡ್ರಿಲ್ ಸಿಕ್ಕಿಕೊಂಡರೆ ಪಟ್ಟಿ ಫ್ಯಾನಿನ ರೆಕ್ಕೆಯಂತೆ ತಿರುಗುತ್ತದೆ. ಕೈಗವಸೂ ಬೇಡ, ತಿರುಗುವ ಯಂತ್ರ ಅದನ್ನು ಎಳೆದುಕೊಳ್ಳುತ್ತದೆ. ಹಿಡಿಯ ಮೊಳೆಗಳ ತೂತನ್ನೂ ಈಗಲೇ ಮಾಡಿ ಮುಗಿಸಿ. ಹದ ಕೊಟ್ಟ ಮೇಲೆ ಸಾದಾ ಡ್ರಿಲ್ ಬಿಟ್ ಒಳಗೆ ಹೋಗದು.

ಬಾಯಿಯ ನಡುಗೆರೆ ಹಾಕಲು ಟೂಲ್‌ರೂಮಿನವರ ಒಂದು ಉಪಾಯ ಹೇಳುತ್ತೇನೆ. ಪಟ್ಟಿ ಮೂರು ಮಿಲಿಮೀಟರ್ ಇದ್ದರೆ ಮೂರು ಮಿಲಿಮೀಟರಿನ ಡ್ರಿಲ್ ಬಿಟ್ ತೆಗೆದುಕೊಳ್ಳಿ. ಬಾಯಿಯ ಅಂಚಿಗೆ ಮಾರ್ಕರ್ ಮಸಿ ಬಳಿಯಿರಿ. ಗಾಜಿನ ಮೇಲೆ ಎರಡನ್ನೂ ಮಲಗಿಸಿ, ಬಿಟ್ಟಿನ ಚೂಪು ತುದಿಯಿಂದ ಆ ಅಂಚಿನುದ್ದಕ್ಕೂ ಗೀಚಿ. ಬಿಟ್ಟಿನ ತುದಿ ಅದರ ನಟ್ಟನಡುವೆ ಇರುತ್ತದಲ್ಲ, ಗೆರೆಯೂ ಪಟ್ಟಿಯ ನಟ್ಟನಡುವೆ ಬೀಳುತ್ತದೆ. ಪಟ್ಟಿ ತಿರುವಿ ಇನ್ನೊಮ್ಮೆ ಗೀಚಿ. ಸಣ್ಣ ವ್ಯತ್ಯಾಸವಿದ್ದರೆ ಎರಡು ಗೆರೆ ಕಾಣುತ್ತವೆ, ಅವುಗಳ ನಡುವೆ ನಿಲ್ಲಿಸಿದರಾಯಿತು.

ಒಂದು ಹಲಗೆಯನ್ನು ಮೇಜಿನಿಂದ ಮುಂದೆ ಚಾಚುವಂತೆ ಬಿಗಿದು, ಅದರ ಮೇಲೆ ಚಾಕು ಬಿಗಿದು, ಓರೆಯಾಗಿ ಅರ ಹಾಕಿ. ಮುಂದಕ್ಕೆ ತಳ್ಳುವಾಗ ಒತ್ತಡ, ಹಿಂದಕ್ಕೆ ತರುವಾಗ ಎತ್ತಿ. ಸುಮ್ನೆ ಹಿಂದೆ ಮುಂದೆ ಉಜ್ಜಿದರೆ ಅರದ ಹಲ್ಲು ಸಾಯುತ್ತವೆ. ಅರಕ್ಕೆ ಆಗಾಗ ಸೀಮೆಸುಣ್ಣ ಸವರಿದರೆ ಉಕ್ಕಿನ ಚೂರು ಸಿಕ್ಕಿಕೊಳ್ಳುವುದಿಲ್ಲ. ಬಾಯಿಯನ್ನು ಪೂರ್ತಿ ಚೂಪು ಮಾಡಲು ಹೋಗಬೇಡಿ. ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ದಪ್ಪ ಉಳಿಸಿ. ತೀರಾ ತೆಳ್ಳಗಿದ್ದರೆ ಹದ ಕೊಡುವಾಗ ಸೊಟ್ಟಗಾಗುತ್ತದೆ, ಇಲ್ಲವೇ ಬಿರಿಯುತ್ತದೆ. ಮಧ್ಯಾಹ್ನ ಮಲಗುವ ಹೊತ್ತಿಗೆ ಅರ ಹಿಡಿಯಬೇಡಿ. ಆ ಕಿರ್ ಕಿರ್ ಸದ್ದಿಗೆ ಸೊಸೈಟಿಯವರು ಮೀಟಿಂಗ್ ಕರೆಯುತ್ತಾರೆ, ಅನುಭವದ ಮಾತು.

ಈಗ ಹದ. ಚಾಕು ಚಾಕುವಾಗುವುದು ಇಲ್ಲೇ. ಇಲ್ಲಿಯವರೆಗೆ ನಿಮ್ಮ ಕೈಯಲ್ಲಿ ಇದ್ದದ್ದು ಚಾಕುವಿನ ಆಕಾರದ ಪಟ್ಟಿ ಅಷ್ಟೇ.

ಪುಣೆಯಲ್ಲಿ ಇರುವ ನಿಮ್ಮ ಅದೃಷ್ಟ ನಿಮಗೆ ಗೊತ್ತಿಲ್ಲ. ನಿಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶ. ಗೇರು, ಶಾಫ್ಟು, ಡೈಗಳಿಗೆ ಹದ ಕೊಡುವ ಹೀಟ್ ಟ್ರೀಟ್‌ಮೆಂಟ್ ಶೆಡ್‌ಗಳು ಅಲ್ಲಿವೆ. ಉಷ್ಣತೆಯನ್ನು ಕರಾರುವಾಕ್ಕಾಗಿ ಹಿಡಿಯುವ ಭಟ್ಟಿ ಅವರಲ್ಲಿ ಇರುತ್ತದೆ. ಒಂದೇ ಚಾಕು ಒಯ್ದರೆ ಮಿನಿಮಮ್ ಚಾರ್ಜ್ ಹೇಳುತ್ತಾರೆ, ಅದು ದುಬಾರಿ ಅನಿಸುತ್ತದೆ. ಮೂರು ನಾಲ್ಕು ಚಾಕು ಕೂಡಿಸಿ, ಗೆಳೆಯರದ್ದೂ ಸೇರಿಸಿ ಒಯ್ಯಿರಿ. ಇಲ್ಲವೇ ‘ಇದೇ ಉಕ್ಕಿನ ಲಾಟ್ ಇದ್ದಾಗ ಜೊತೆಗೆ ಹಾಕಿ’ ಅಂತ ಬಿಟ್ಟು ಬನ್ನಿ. ಉಕ್ಕಿನ ಹೆಸರು ಚೀಟಿಯಲ್ಲಿ ಬರೆದುಕೊಡಿ, ‘58ರಿಂದ 60 ಎಚ್‌ಆರ್‌ಸಿ’ ಅನ್ನಿ. ಅದು ಗಟ್ಟಿತನದ ಅಳತೆ, ಅಷ್ಟು ಹೇಳಿದರೆ ಅವರಿಗೆ ಅರ್ಥವಾಗುತ್ತದೆ. ಅಲ್ಲಿ ಕಲಬುರಗಿ, ವಿಜಯಪುರ ಕಡೆಯವರು ಯಾರಾದರೂ ಸಿಕ್ಕರೆ ಚಹಾವೂ ಸಿಗುತ್ತದೆ.

‘ಇಲ್ಲ, ಹದವನ್ನೂ ನಾನೇ ಕೊಡಬೇಕು’ ಅಂದರೆ ಬಾಲ್ಕನಿಯಲ್ಲಿ ಖಂಡಿತ ಬೇಡ. ಊರಿಗೆ ಹೋದಾಗ ಹಿತ್ತಲಲ್ಲಿ ಮಾಡಿ. ಇಟ್ಟಿಗೆಯ ನಡುವೆ ಇದ್ದಿಲು, ಗಾಳಿಗೆ ಹೇರ್ ಡ್ರೈಯರ್. ಸಂಜೆಯ ಮಬ್ಬಿನಲ್ಲಿ ಮಾಡಿದರೆ ಬಣ್ಣ ಸರಿಯಾಗಿ ಕಾಣುತ್ತದೆ. ಉಕ್ಕು ಸುಮಾರು 770 ಡಿಗ್ರಿಗೆ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನೊಂದು ಛಾಯೆ ಮೇಲೆ, ಅಂದಾಜು 815, ಅಲಗಿನುದ್ದಕ್ಕೂ ಒಂದೇ ಕೆಂಪು. ಆಗ ತುದಿ ಕೆಳಗೆ ಮಾಡಿ ನೆಟ್ಟಗೆ ಎಣ್ಣೆಗೆ ಇಳಿಸಿ. ಶೇಂಗಾ ಎಣ್ಣೆ ಸಾಕು, 50ರಿಂದ 60 ಡಿಗ್ರಿ ಬೆಚ್ಚಗಿರಲಿ. ಹಳೇ ಎಂಜಿನ್ ಆಯಿಲ್ ಬೇಡ, ಅದರ ಹೊಗೆ ಕೆಟ್ಟದ್ದು. ಪಾತ್ರೆ ಕಬ್ಬಿಣದ್ದು, ಆಳವಾದದ್ದು, ಮುಚ್ಚಳ ಪಕ್ಕದಲ್ಲೇ ಇರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಳ ಹಾಕಬೇಕು, ನೀರು ಸುರಿಯಬಾರದು.

ತಣ್ಣಗಾದ ಮೇಲೆ ಅರ ತಾಗಿಸಿ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಹದ ಬಂತು. ಈಗ ಅದು ಗಾಜಿನಷ್ಟೇ ಪೆಡಸು, ನೆಲಕ್ಕೆ ಬಿದ್ದರೆ ಎರಡು ತುಂಡು. ತಡ ಮಾಡದೆ ಕೇಕ್ ಬೇಯಿಸುವ ಒಟಿಜಿ ಒಲೆಯಲ್ಲಿ 200 ಡಿಗ್ರಿಗೆ ಎರಡು ಗಂಟೆ ಇಡಿ, ತಣ್ಣಗಾಗಲು ಬಿಡಿ, ಮತ್ತೆ ಎರಡು ಗಂಟೆ. ಮೊದಲೇ ಉಜ್ಜಿ ಹೊಳಪು ಮಾಡಿದ್ದರೆ ಒಣಗಿದ ಜೋಳದ ಕಣಿಕೆಯ ಬಣ್ಣ ಬರುತ್ತದೆ. ನೀಲಿ ಬಂದರೆ ಕಾವು ಜಾಸ್ತಿಯಾಗಿ ಮೆತ್ತಗಾಯಿತು ಅಂತ. ಒಟಿಜಿಯ ಗುಂಡಿ ಹೇಳುವ ಡಿಗ್ರಿಯನ್ನು ನಂಬಬೇಡಿ, ಒಲೆಯೊಳಗೆ ಇಡುವ ಥರ್ಮಾಮೀಟರ್ ಒಂದನ್ನು ತನ್ನಿ.

‘ಊರಿನ ಕಮ್ಮಾರರು ನೀರಿಗೇ ಅದ್ದುತ್ತಾರಲ್ಲ?’ ಅಂತ ಕೇಳುತ್ತೀರಿ. ಹೌದು. ಅವರು ಬಾಯಿಯನ್ನಷ್ಟೇ ಅದ್ದುತ್ತಾರೆ, ಬೆನ್ನಿನಲ್ಲಿ ಕಾವು ಉಳಿಸಿಕೊಳ್ಳುತ್ತಾರೆ. ಆ ಕಾವು ಬಾಯಿಯ ಕಡೆ ಇಳಿದು ಬರುವಾಗ ಬಣ್ಣ ಓಡುವುದನ್ನು ನೋಡಿ, ಬೇಕಾದ ಬಣ್ಣಕ್ಕೆ ಮತ್ತೆ ಅದ್ದಿ ನಿಲ್ಲಿಸುತ್ತಾರೆ. ಅಂದರೆ ನಿಮ್ಮ ಒಟಿಜಿಯ ನಾಲ್ಕು ಗಂಟೆಯ ಕೆಲಸವನ್ನು ಅರೆ ನಿಮಿಷದಲ್ಲಿ ಕಣ್ಣಳತೆಯಲ್ಲೇ ಮುಗಿಸುತ್ತಾರೆ. ಅದಕ್ಕೆ ಅವರಂಥ ಕಣ್ಣು ಬೇಕು.

ಹಿಡಿಗೆ ಬಡಗಿಯ ಅಂಗಡಿಯ ಸಾಗವಾನಿ ತುಂಡು, ಮೊಳೆಗೆ 4 ಮಿಲಿಮೀಟರ್ ಹಿತ್ತಾಳೆ ಸರಳು, ನಿಧಾನ ಒಣಗುವ ಅರಾಲ್ಡೈಟ್. ಒಂದು ಪೂರ್ತಿ ದಿನ ಮುಟ್ಟಬೇಡಿ. ಕೊನೆಗೆ ಸಾಣೆಕಲ್ಲಿನಲ್ಲಿ ಬಾಯಿ ಎಬ್ಬಿಸಿ, ಒಂದೊಂದು ಬದಿಗೆ 15ರಿಂದ 20 ಡಿಗ್ರಿ. ಹದ ಕೊಟ್ಟ ಮೇಲೆ ಯಂತ್ರದಲ್ಲಿ ಉಜ್ಜಬೇಡಿ. ಅಂಚು ಒಮ್ಮೆ ನೀಲಿಯಾದರೆ ಹದ ಹೋಯಿತು.

ಪ್ರಶ್ನೆ: ನಾವು ಮುಂಬೈ ಮಾಟುಂಗಾದಲ್ಲಿ ಇದ್ದೇವೆ. ಮಗನಿಗೆ ಹದಿನೇಳು. ಚಾಕು ಮಾಡಲು ಕಲಿಯುತ್ತೇನೆ ಅಂತ ಕೂತಿದ್ದಾನೆ. ಇದು ಕಾನೂನಿಗೆ ವಿರುದ್ಧವೇ? ನಾಳೆ ಪೊಲೀಸರು ಮನೆಗೆ ಬರುವಂತಾಗಬಾರದು.

ಉತ್ತರ: ಅಡುಗೆ ಚಾಕು, ತೋಟದ ಕತ್ತಿ ಮಾಡಿದರೆ ಯಾರೂ ಬರುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕುಗಳು ಆಯುಧದ ಪಟ್ಟಿಯಲ್ಲಿವೆ. ಮನೆ ಬಳಕೆ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದೇ ಮಾಡಿದವನ್ನು ಅದರಿಂದ ಹೊರಗಿಟ್ಟಿದ್ದಾರೆ. ಹಾಗಾಗಿ ಮಗ ಈರುಳ್ಳಿ ಹೆಚ್ಚುವ ಚಾಕು ಮಾಡಲಿ. ಕಠಾರಿ, ಖಡ್ಗದ ಚಿತ್ರ ಬಿಡಿಸುತ್ತಿದ್ದರೆ ಅಲ್ಲೇ ತಡೆಯಿರಿ. ಆ ವಯಸ್ಸಿಗೆ ಅವೇ ಚಂದ ಕಾಣುವುದು, ನನಗೂ ಕಂಡಿದ್ದವು.

ಮಾಡುವುದಕ್ಕಿಂತ ಹೊತ್ತು ತಿರುಗುವುದರಲ್ಲೇ ತೊಂದರೆ ಜಾಸ್ತಿ. ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮಿನಡಿ ಸಾರ್ವಜನಿಕ ಜಾಗದಲ್ಲಿ ಚಾಕು, ಕೋಲು ಒಯ್ಯಬಾರದೆಂದು ಆಗಾಗ ಆದೇಶ ಬರುತ್ತದೆ. ಗೆಳೆಯರಿಗೆ ತೋರಿಸಲು ಲೋಕಲ್ ಟ್ರೈನಿನಲ್ಲಿ ಒಯ್ಯುವುದು ಬೇಡವೇ ಬೇಡ. ಫೋಟೊ ಸಾಕು. ಅರ, ಕ್ಲಾಂಪ್ ಬೇಕಿದ್ದರೆ ನಾಗದೇವಿ ಸ್ಟ್ರೀಟಿಗೆ ನೀವೂ ಜೊತೆಗೆ ಹೋಗಿ. ಕನ್ನಡಕ ಹಾಕದೆ ಅರ ಮುಟ್ಟಬಾರದು ಅಂತ ಒಂದೇ ಒಂದು ಷರತ್ತು ಹಾಕಿ, ಅದನ್ನು ಸಡಿಲ ಮಾಡಬೇಡಿ.

ಪ್ರಶ್ನೆ: ಕಾರವಾರದವಳು, ವಾಸ್ಕೊದಲ್ಲಿ ಸಂಸಾರ. ತಮ್ಮ ಮಾಡಿಕೊಟ್ಟ ಚಾಕು ಮಳೆಗಾಲದಲ್ಲಿ ಒಂದೇ ರಾತ್ರಿಗೆ ತುಕ್ಕು ಹಿಡಿಯಿತು. ಮೀನಿಗೆ ಬಳಸಿದ್ದೆ. ಉಕ್ಕು ಕೆಟ್ಟದ್ದೇ?

ಉತ್ತರ: ಉಕ್ಕು ಒಳ್ಳೆಯದೇ. ಕಾರ್ಬನ್ ಉಕ್ಕಿನ ಸ್ವಭಾವವೇ ಅದು, ಗೋವಾದ ಜೂನ್ ತಿಂಗಳಲ್ಲಂತೂ ಕೇಳಲೇಬೇಡಿ. ನಿಮ್ಮ ಮನೆಯ ಮೆಟ್ಟುಕತ್ತಿಯೂ (ಈಳಿಗೆಮಣೆ) ಹಾಗೇ ಅಲ್ವಾ? ಮೀನಿನ ಉಪ್ಪು, ಹುಳಿ ತಾಗಿದ ಮೇಲೆ ತೊಳೆದು ಒರೆಸದೆ ಸಿಂಕಿನಲ್ಲಿ ಬಿಟ್ಟಿರಬೇಕು. ಕೆಂಪು ತುಕ್ಕನ್ನು ನಯವಾದ ಎಮೆರಿ ಕಾಗದದಲ್ಲಿ ತೆಗೆಯಿರಿ. ಆಮೇಲೆ ಬೆಚ್ಚಗಿನ ವಿನೆಗರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಅಲಗು ಬೂದು ಕಪ್ಪಾಗುತ್ತದೆ. ಆ ಕಪ್ಪು ಇರಲಿ, ಅದು ಕೆಂಪು ತುಕ್ಕಿಗೆ ಅಷ್ಟಿಷ್ಟು ಅಡ್ಡ ನಿಲ್ಲುತ್ತದೆ. ಬಳಸಿದ ಕೂಡಲೇ ಒರೆಸಿ. ಚರ್ಮದ ಒರೆಯಲ್ಲಿ ಇಡಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಸ್ಟೇನ್‌ಲೆಸ್‌ನಲ್ಲಿ ಮಾಡಿಕೊಡು ಅಂತ ತಮ್ಮನನ್ನು ಈಗಲೇ ಪೀಡಿಸಬೇಡಿ. ಅದರ ಹದಕ್ಕೆ ಸಾವಿರ ಡಿಗ್ರಿಗಿಂತ ಜಾಸ್ತಿ ಕಾವು ಬೇಕು, ಅಷ್ಟರಲ್ಲೇ ಹಲವು ನಿಮಿಷ ಹಿಡಿದಿಡಬೇಕು. ಇದ್ದಿಲಿನಲ್ಲಿ ಆಗುವ ಮಾತಲ್ಲ. ಅವರಿಗೆ ಭಟ್ಟಿಯವರ ಪರಿಚಯ ಆಗಲಿ, ಆಮೇಲೆ ಕೇಳಿ. ಅಲ್ಲಿಯವರೆಗೆ ಮೀನು ಮೆಟ್ಟುಕತ್ತಿಗೆ, ತರಕಾರಿ ತಮ್ಮನ ಚಾಕುವಿಗೆ.