ವಿಭಜನೆಯ ನಡುವೆ ಡಿಎನ್‌ಎ ತುಂಡಾದರೆ?

ಪ್ರಶ್ನೆ: ಜೀವಕೋಶ ಇಬ್ಭಾಗವಾಗುತ್ತಿರುವಾಗಲೇ ಡಿಎನ್‌ಎಯ ಎರಡೂ ಎಳೆಗಳು ಕತ್ತರಿಸಿಹೋದರೆ ಅಲ್ಲೇ ರಿಪೇರಿ ಆಗುತ್ತದೆಯೇ?

ಉತ್ತರ: ಬಹುಮಟ್ಟಿಗೆ ಇಲ್ಲ. ಕೋಶ ಬೇಕೆಂದೇ ಆ ಕೆಲಸವನ್ನು ಮುಂದೂಡುತ್ತದೆ.

ಉಳಿದ ಹೊತ್ತಿನಲ್ಲಿ ಮುಖ್ಯ ದಾರಿ ಎರಡು. ಡಿಎನ್‌ಎ ನಕಲಾಗುವ ಮೊದಲಿನ ಜಿ1 ಹಂತದಲ್ಲಿ ಕು70, ಕು80 ಪ್ರೋಟೀನುಗಳು ತುಂಡಾದ ತುದಿಗಳನ್ನು ಹಿಡಿಯುತ್ತವೆ, ಲೈಗೇಸ್ 4 ಕಿಣ್ವ ಬೆಸೆಯುತ್ತದೆ. ವೇಗದ ಕೆಲಸ, ಆದರೆ ಒಂದೆರಡು ಅಕ್ಷರ ಕಳೆದುಹೋಗಬಹುದು. ನಕಲಾದ ಮೇಲೆ ಬಿಆರ್‌ಸಿಎ2 ಪ್ರೋಟೀನಿನ ನೆರವಿನಿಂದ ರಾಡ್51 ಎಂಬ ಇನ್ನೊಂದು ಪ್ರೋಟೀನು ಪಕ್ಕದ ಸೋದರಿ ಪ್ರತಿಯನ್ನು ಹುಡುಕುತ್ತದೆ, ಅದನ್ನು ನೋಡಿಯೇ ಖಾಲಿ ಜಾಗ ತುಂಬುತ್ತದೆ.

ವಿಭಜನೆ ಶುರುವಾದೊಡನೆ ಸಿಡಿಕೆ1, ಪಿಎಲ್‌ಕೆ1 ಕಿಣ್ವಗಳು, ರಿಪೇರಿಗೆ ನೆರವಾಗುವ ಆರ್‌ಎನ್‌ಎಫ್8 ಮತ್ತು 53ಬಿಪಿ1 ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ, ಅವು ಗಾಯದತ್ತ ಸುಳಿಯದಂತೆ ತಡೆಯುತ್ತವೆ. ಏಕೆ? ಈ ಹೊತ್ತಿನಲ್ಲಿ ಬೆಸುಗೆಗೆ ಬಿಟ್ಟರೆ ಕ್ರೋಮೋಸೋಮುಗಳ ಕೊನೆಯ ಟೆಲೋಮಿಯರ್‌ಗಳೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. 2014ರ ಪ್ರಯೋಗಗಳು ಇದನ್ನು ಸ್ಪಷ್ಟವಾಗಿ ತೋರಿಸಿದವು.

ಹಾಗೆಂದು ಗಾಯವನ್ನು ಕೈಬಿಡುವುದಿಲ್ಲ. ಎಂಡಿಸಿ1 ಎಂಬ ಪ್ರೋಟೀನು ಗುರುತು ಹಾಕುತ್ತದೆ. ಸಿಪ್2ಎ ಮತ್ತು ಟಾಪ್‌ಬಿಪಿ1 ಪ್ರೋಟೀನುಗಳು ಸೇರಿ, ಮುರಿದ ಮೂಳೆಗೆ ಕಟ್ಟಿದ ದಬ್ಬೆಯಂತೆ, ತುಂಡುಗಳನ್ನು ಹಿಡಿದಿಡುತ್ತವೆ. ಬೆಸುಗೆ ಮರಿಕೋಶಗಳ ಜಿ1 ಹಂತದಲ್ಲಿ. ಕಟ್ಟು ತಪ್ಪಿದರೆ ಅಪಾಯ: ವಿಭಜನೆಯಲ್ಲಿ ಕ್ರೋಮೋಸೋಮನ್ನು ಹಿಡಿದೆಳೆಯುವ ಜಾಗವಾದ ಸೆಂಟ್ರೋಮಿಯರ್ ಇಲ್ಲದ ತುಂಡನ್ನು ಎಳೆಯಲು ಹಿಡಿಕೆಯೇ ಇರದು. ಅದು ಹಿಂದುಳಿದು ಮೈಕ್ರೋನ್ಯೂಕ್ಲಿಯಸ್, ಅಂದರೆ ಮುಖ್ಯ ಕೋಶಕೇಂದ್ರದಿಂದ ಬೇರೆಯಾದ ಪುಟ್ಟ ಕೇಂದ್ರ, ಆಗುತ್ತದೆ. ಅದರ ದುರ್ಬಲ ಪೊರೆ ಒಡೆದರೆ ಒಳಗಿನ ಡಿಎನ್‌ಎ ಚೂರುಚೂರಾಗಿ ಅಡ್ಡಾದಿಡ್ಡಿ ಜೋಡಣೆಯಾಗಬಹುದು. ಹಲವು ಕ್ಯಾನ್ಸರ್‌ಗಳಲ್ಲಿ ಕಾಣುವ ಕ್ರೋಮೋಥ್ರಿಪ್ಸಿಸ್ ಇದೇ.

‘ಬಹುಮಟ್ಟಿಗೆ’ ಎಂದದ್ದಕ್ಕೆ ಕಾರಣ ಪಾಲಿಮರೇಸ್ ಥೀಟಾ ಎಂಬ ಕಿಣ್ವ. ಅದು ವಿಭಜನೆಯ ನಡುವೆಯೂ ಕೆಲವು ತುಂಡುಗಳನ್ನು ಜೋಡಿಸುತ್ತದೆ. ಬಿಆರ್‌ಸಿಎ2 ಕೆಟ್ಟ ಗಡ್ಡೆಗಳು ಅದನ್ನೇ ನೆಚ್ಚಿಕೊಳ್ಳುವುದರಿಂದ, ಅದನ್ನು ತಡೆಯುವ ಔಷಧಗಳನ್ನು ರೋಗಿಗಳಲ್ಲಿ ಪರೀಕ್ಷಿಸಲಾಗುತ್ತಿದೆ.