ಘಟ್ಟದ ರಸ್ತೆಗೂ ಡ್ರ್ಯಾಗ್‌ಗೂ ಒಂದೇ ಟೈರ್ ಆಗುತ್ತಾ?

ಗಾಡಿ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಕಾರು. ದಿನಾ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಓಡಾಟ, ವರ್ಷಕ್ಕೊಂದೆರಡು ಸಲ ಚೆನ್ನೈ ಕಡೆ ಕಾಲು ಮೈಲಿ ಡ್ರ್ಯಾಗ್, ಅಂದರೆ ನೇರ ಟ್ರ್ಯಾಕ್‌ನಲ್ಲಿ ನಿಂತಲ್ಲಿಂದ ಹೊರಡೋ ರೇಸ್. ಎರಡಕ್ಕೂ ಆಗೋ ಡ್ರ್ಯಾಗ್ ರೇಡಿಯಲ್ (ಆ ರೇಸಿಗೆ ಅಂತಲೇ ಮಾಡಿದ ಮೆದು ರಬ್ಬರಿನ ಟೈರ್) ಯಾವುದು ಅಂತ ಕೇಳಿದ್ದೀರಿ. ನಾನೂ ಒಂದು ಕಾಲದಲ್ಲಿ ಇದೇ ಲೆಕ್ಕ ಹಾಕಿದವನು. ಉತ್ತರ: ಯಾವುದೂ ಅಲ್ಲ. ಪ್ರಶ್ನೆಯೇ ತಪ್ಪು ಜಾಗದಿಂದ ಶುರುವಾಗಿದೆ.

ಡ್ರ್ಯಾಗ್ ರೇಡಿಯಲ್‌ನ ಬದಿಯಲ್ಲಿ ಟ್ರೆಡ್‌ವೇರ್ (ಎಷ್ಟು ಬಾಳುತ್ತೆ ಅನ್ನೋ ಅಂಕಿ, ಕಡಿಮೆ ಇದ್ದಷ್ಟೂ ಬೇಗ ಸವೆತ) 00 ಅಂತಲೋ 100 ಅಂತಲೋ ಬರೆದಿರುತ್ತೆ. ಒಳ್ಳೆಯ ರಸ್ತೆ ಟೈರಿಗೆ ಅದು 300ರ ಆಸುಪಾಸು. ಹೊಸದರಲ್ಲೇ ಗ್ರೂವ್ ಆಳ 4-5 ಮಿ.ಮೀ., ಕಾನೂನು ಕೇಳೋ ಕನಿಷ್ಠ 1.6. ಅಂದರೆ ನಿಮ್ಮ ಕೈಗೆ ಸಿಗೋದು ಸುಮಾರು 3 ಮಿ.ಮೀ. ಮೆದು ರಬ್ಬರ್. ದಿನಕ್ಕೆ 120 ಕಿ.ಮೀ. ಓಡಿಸಿದರೆ ಅದು ಟ್ರ್ಯಾಕ್ ನೋಡೋ ಮೊದಲೇ ಮುಗಿದಿರುತ್ತೆ. ಮನೆ ದಾರಿಯ ಜಲ್ಲಿ ಬೇರೆ ಅದಕ್ಕೆ ಅಂಟಿಕೊಂಡು ವೀಲ್ ಆರ್ಚ್‌ಗೆ ಹೊಡೀತಾ ಇರುತ್ತೆ. ಇಷ್ಟರ ಮೇಲೆ ನಿಮ್ಮದು ಫ್ರಂಟ್ ವೀಲ್ ಡ್ರೈವ್. ಅಪ್ಪಟ ಡ್ರ್ಯಾಗ್ ರೇಡಿಯಲ್‌ಗಳು ಬಹುತೇಕ ಅಮೆರಿಕದ ಹಿಂಬದಿ ಎಳೆತದ ಗಾಡಿಗಳಿಗಾಗಿ 275/60 ಆರ್15, 275/40 ಆರ್17 ಥರದ ಅಳತೆಯಲ್ಲಿ ಬರುತ್ತವೆ. ಅವು ನಿಮ್ಮ ಮುಂದಿನ ಆರ್ಚ್‌ನೊಳಗೆ ಕೂರೋದೇ ಇಲ್ಲ.

ಹಾಗಾಗಿ ರಸ್ತೆಗೆ ನಾಲ್ಕೂ ಒಂದೇ ಥರದ, ಮಳೆಯಲ್ಲಿ ಹಿಡಿಯೋ ಟೈರ್ ಇರಲಿ. ಟ್ರ್ಯಾಕಿಗೆ ಅಂತ 17 ಇಂಚಿನ ಎರಡು ರಿಮ್ ಬೇರೆ ತಗೊಂಡು 225/45 ಆರ್17 ಅಳತೆಯ ಟೊಯೊ ಆರ್888ಆರ್ ಹಾಕಿಸಿ. ಅದು ಡ್ರ್ಯಾಗ್ ರೇಡಿಯಲ್ ಅಲ್ಲ, ಸೆಮಿ ಸ್ಲಿಕ್, ಅಂದರೆ ಗ್ರೂವ್ ಕಡಿಮೆ ಇರೋ ಟ್ರ್ಯಾಕ್ ಟೈರ್. ಆದರೆ ಟ್ರೆಡ್‌ವೇರ್ 100 ಇದೆ, ನಿಮ್ಮ ಅಳತೆಯಲ್ಲಿ ತಯಾರಾಗುತ್ತೆ. ಈಗಿರೋ 225/40 ಆರ್18ಕ್ಕೂ ಅದಕ್ಕೂ ಹೊರವ್ಯಾಸದಲ್ಲಿ 3 ಮಿ.ಮೀ. ವ್ಯತ್ಯಾಸ, ಲೆಕ್ಕಕ್ಕಿಲ್ಲ. ರಿಮ್ ಮಾತ್ರ ಬ್ರೇಕ್ ಕ್ಯಾಲಿಪರ್‌ಗೆ ತಾಗುತ್ತಾ ಅಂತ ಟೈರ್ ಏರಿಸೋ ಮೊದಲೇ ಗಾಡಿಗೆ ಕೂರಿಸಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ. 2020ರ ಜೂನ್‌ನಿಂದ ಹೊಸ ಟೈರ್ ಆಮದಿಗೆ ನಿರ್ಬಂಧ ಇರೋದರಿಂದ ಹಳೇ ಸ್ಟಾಕ್ ತಗುಲಿಹಾಕೋರೂ ಇದ್ದಾರೆ. ಟೈರ್ ಬದಿಯಲ್ಲಿರೋ ಡಾಟ್ ಕೋಡ್‌ನ ಕೊನೆಯ ನಾಲ್ಕು ಅಂಕಿ ಓದಿ: 2319 ಅಂದರೆ 2019ರ 23ನೇ ವಾರ. ಮೂರು ವರ್ಷ ದಾಟಿದ್ದು ನಾನಾದರೆ ಮುಟ್ಟಲ್ಲ.

ಈಗ ಎಲ್ಲರೂ ಜಾರೋ ಜಾಗಕ್ಕೆ ಬರ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಓದಿ. ಟ್ರ್ಯಾಕ್‌ನಲ್ಲಿ ಹಿಡಿತಕ್ಕೆ ಅಂತ ಇಳಿಸಿದ ಪ್ರೆಶರ್‌ನಲ್ಲೇ ಮನೆ ಕಡೆ ಹೊರಡೋದು. ರನ್ ಮುಗಿದಾಗ ಗೇಜ್ 24 ತೋರಿಸುತ್ತೆ, ಟೈರ್ ಬಿಸಿ ಇದೆ. ರಾತ್ರಿ ತಂಪಲ್ಲಿ ಅದೇ ಗಾಳಿ 35 ಡಿಗ್ರಿ ತಣ್ಣಗಾದರೆ 4 ಪಿಎಸ್‌ಐ ಇಳಿದು 20ಕ್ಕೆ ಬಂದು ನಿಂತಿರುತ್ತೆ. ಸವೆದ ಟೈರ್ ನಿಂತ ನೀರಿನ ಮೇಲೆ ಯಾವ ವೇಗಕ್ಕೆ ತೇಲುತ್ತೆ ಅನ್ನೋದಕ್ಕೆ ವಿಮಾನದ ಚಕ್ರಗಳ ಮೇಲೆ ನಾಸಾ ಮಾಡಿದ ಪರೀಕ್ಷೆಯಿಂದ ಬಂದ ಒಂದು ಸೂತ್ರ ಇದೆ: ಪ್ರೆಶರ್‌ನ ವರ್ಗಮೂಲಕ್ಕೆ ತಕ್ಕ ಹಾಗೆ ಆ ವೇಗ ಏರಿಳಿಯುತ್ತೆ. 32 ಪಿಎಸ್‌ಐಗೆ ಅದು ಸುಮಾರು 94 ಕಿ.ಮೀ., 20ಕ್ಕೆ 75ರ ಹತ್ತಿರ. ಗ್ರೂವ್ ಕಡಿಮೆ ಇರೋ ಸೆಮಿ ಸ್ಲಿಕ್ ಸವೆಯುತ್ತಾ ಬಂದ ಹಾಗೆ ಈ ಲೆಕ್ಕಕ್ಕೇ ಹತ್ತಿರವಾಗುತ್ತೆ. ನಿಮ್ಮ ದಿನದ ದಾರಿಯ ಮಂಡಗದ್ದೆ ಆಸುಪಾಸಿನ ತಿರುವಲ್ಲಿ ಜಡಿಮಳೆಗೆ ರಸ್ತೆ ಮೇಲೆ ನೀರು ಹರೀತಾ ಇರುವಾಗ 75 ಏನು ದೊಡ್ಡ ವೇಗ ಅಲ್ಲ. ಮುಂದಿನ ಚಕ್ರ ತೇಲಿದ ಕೂಡಲೇ ಸ್ಟೀರಿಂಗ್ ಹಗುರಾಗುತ್ತೆ, ಗಾಡಿ ನೆಟ್ಟಗೆ ಹೋಗುತ್ತೆ, ನೀವು ಇನ್ನಷ್ಟು ತಿರುಗಿಸ್ತೀರಿ. ನೀರು ದಾಟಿ ಟೈರ್ ಪಟ್ಟಂತ ಹಿಡಿದಾಗ ಸ್ಟೀರಿಂಗ್ ಪೂರ್ತಿ ತಿರುಗಿರುತ್ತೆ, ಹಿಂಬದಿ ಬೀಸಿಕೊಂಡು ಬರುತ್ತೆ.

ಎರಡು ಚಕ್ರ ಡಿಕ್ಕಿಯಲ್ಲಿ ಒಯ್ಯಿರಿ ಅನ್ನೋದು ಇದಕ್ಕೇ. ಹಿಂದಿನ ಸೀಟ್ ಮಡಚಿದರೆ ಎರಡೂ ಆರಾಮಾಗಿ ಹೋಗುತ್ತವೆ. ಶಿವಮೊಗ್ಗದಿಂದ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹತ್ತಿರ ಹತ್ತಿರ 600 ಕಿ.ಮೀ., ಅಷ್ಟು ದೂರವೂ ರಸ್ತೆ ಟೈರಲ್ಲೇ ಹೋಗಿಬನ್ನಿ.

ಬದಲಾಯಿಸುವಾಗ ಬೋಲ್ಟ್ ನೋಡಿಕೊಳ್ಳಿ. ಎಂ14, 1.5 ಪಿಚ್, ಐದು ತೂತು, ಪಿಸಿಡಿ (ಬೋಲ್ಟ್ ತೂತುಗಳ ವೃತ್ತದ ವ್ಯಾಸ) 112 ಮಿ.ಮೀ., ಹಬ್ (ನಡುವಿನ ತೂತು) 57.1 ಮಿ.ಮೀ. ಸ್ಕೋಡಾ ಕಂಪನಿ ರಿಮ್‌ಗೆ ಬೋಲ್ಟ್ ತಲೆಯ ಕೆಳಭಾಗ ಗುಂಡಗಿರುತ್ತೆ, ಹೊರಗಿನ ರಿಮ್‌ಗಳಿಗೆ ಸಾಮಾನ್ಯವಾಗಿ ಕೋನ್ ಆಕಾರದ್ದು ಬೇಕು. ಅದಲುಬದಲಾದರೆ ಟಾರ್ಕ್ ರೆಂಚ್ ಕ್ಲಿಕ್ ಅನ್ನುತ್ತೆ, ಆದರೆ ಕೂತಿರೋದು ಒಂದು ಗೆರೆಯಷ್ಟು ಜಾಗದ ಮೇಲೆ. ನಾಲ್ಕು ಲಾಂಚ್‌ಗೆ (ನಿಂತಲ್ಲಿಂದ ಜೋರಾಗಿ ಹೊರಡೋದು) ಸಡಿಲ. 120 ನ್ಯೂಟನ್ ಮೀಟರ್, ಎದುರುಬದುರು ಬಿಗಿಯಿರಿ.

ಹೊಸ ಟೈರನ್ನ ಮೊದಲು ಇಪ್ಪತ್ತು ನಿಮಿಷ ಸುಮ್ಮನೆ ಓಡಿಸಿ ಬಿಸಿ ಮಾಡಿ, ಒಂದು ದಿನ ಬಿಡಿ. ಟ್ರ್ಯಾಕ್‌ನಲ್ಲಿ ಮುಂದೆ 26, ಹಿಂದೆ 40ರಿಂದ ಶುರು. ಅಮೆರಿಕದವರು ಹೇಳೋ 15-16 ಪಿಎಸ್‌ಐ ಎತ್ತರದ ಸೈಡ್‌ವಾಲ್‌ಗೆ. 45 ಸೀರೀಸ್‌ನ ಗಿಡ್ಡ ಸೈಡ್‌ವಾಲ್‌ನಲ್ಲಿ ಅಷ್ಟು ಇಳಿಸಿದರೆ ಅಂಚುಗಳಷ್ಟೇ ನೆಲ ಕಚ್ಚುತ್ತವೆ, ನಡುಭಾಗ ಮೇಲೇಳುತ್ತೆ. ಒಂದೊಂದೇ ಪಿಎಸ್‌ಐ ಇಳಿಸುತ್ತಾ 60 ಅಡಿ ಟೈಮ್ (ಮೊದಲ 60 ಅಡಿಗೆ ಹಿಡಿದ ಸಮಯ) ನೋಡಿ, ಅದು ಹಾಳಾಗೋಕೆ ಶುರುವಾದಲ್ಲಿ ಒಂದು ಏರಿಸಿ ನಿಲ್ಲಿಸಿ. 20ಕ್ಕಿಂತ ಕೆಳಗೆ ಬೇಡ. ರಿಮ್‌ಗೂ ಟೈರ್‌ಗೂ ಸೇರಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿಟ್ಟರೆ ಟೈರ್ ರಿಮ್ ಮೇಲೆ ಜಾರಿದ್ದು ತಿಳಿಯುತ್ತೆ. ಚಕ್ರ ಸುಲಭವಾಗಿ ತಿರುಗಲಿ ಅಂತ ನೀರು ಹಾಕಿರೋ ಜಾಗದ ಪಕ್ಕದಲ್ಲಿ ಹೋಗಿ; ಗ್ರೂವ್ ನೀರು ಹೊತ್ತು ತಂದು ಸ್ಟಾರ್ಟ್ ಲೈನ್ ಮೇಲೇ ಸುರಿಯುತ್ತೆ. ಬರ್ನ್‌ಔಟ್ (ನಿಂತಲ್ಲೇ ಚಕ್ರ ತಿರುಗಿಸಿ ಟೈರ್ ಉಜ್ಜೋದು) ಎರಡು ಮೂರು ಸೆಕೆಂಡ್, ಮಣ್ಣು ಹೋಗೋಷ್ಟು ಸಾಕು.

ಶಿವಮೊಗ್ಗ ಬೈಪಾಸಲ್ಲಿ ಟ್ರಯಲ್ ನೋಡೋ ಯೋಚನೆ ಇದ್ದರೆ ಬಿಡಿ, ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇರೋದೇ ರಸ್ತೆ ಮೇಲಿನ ರೇಸ್‌ಗೆ ಶಿಕ್ಷೆ ಕೊಡೋಕೆ. ಟೈರನ್ನ ಕಪ್ಪು ಪ್ಲಾಸ್ಟಿಕ್‌ನಲ್ಲಿ ಸುತ್ತಿ ನೆರಳಲ್ಲಿಡಿ, ಅಡಿಕೆ ಬೇಯಿಸೋ ಒಲೆ ಹತ್ತಿರ ಬೇಡ.

ಇನ್ನು ದುಡ್ಡು ಎಲ್ಲಿಂದ ಶುರು ಮಾಡೋದು ಅಂದರೆ, ಟೈರ್‌ಗಿಂತ ಮೊದಲು ಎಂಜಿನ್ ಕೆಳಗಿನ, ಅದು ಅಲುಗದ ಹಾಗೆ ಹಿಡಿಯೋ ಡಾಗ್‌ಬೋನ್ ಮೌಂಟ್‌ಗೆ ಗಟ್ಟಿ ಇನ್ಸರ್ಟ್ ಹಾಕಿಸಿ. ಹಿಡಿತ ಹೆಚ್ಚಾದ ಕೂಡಲೇ ಫ್ರಂಟ್ ವೀಲ್ ಗಾಡಿ ಲಾಂಚ್‌ನಲ್ಲಿ ಕುಪ್ಪಳಿಸುತ್ತೆ, ಆ ಕುಪ್ಪಳಿಕೆಗೇ ಡ್ರೈವ್‌ಶಾಫ್ಟ್ ಮುರಿಯೋದು. ಕುಪ್ಪಳಿಸೋಕೆ ಶುರುವಾದರೆ ಆಕ್ಸಿಲರೇಟರ್ ಬಿಟ್ಟುಬಿಡಿ, ಆ ರನ್ ಹೋದರೆ ಹೋಗಲಿ.