ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸೂ ಉಬುಂಟುವೂ

ಪ್ರಶ್ನೆ: ಇಂಜಿನಿಯರಿಂಗ್ ಮೂರನೇ ಸೆಮಿಸ್ಟರ್‌ನಲ್ಲಿದ್ದೇನೆ. ಲ್ಯಾಬ್‌ನಲ್ಲಿ ಉಬುಂಟು ಆಪರೇಟಿಂಗ್ ಸಿಸ್ಟಂ ಇದೆ, ಮನೆಯಲ್ಲೂ ಬೇಕು. ಆದರೆ ಇದೇ ಲ್ಯಾಪ್‌ಟಾಪ್‌ನಲ್ಲಿ ಅಪ್ಪ ನುಡಿ ತಂತ್ರಾಂಶ ಬಳಸಿ ಸಂಘದ ಪತ್ರಗಳನ್ನು ಟೈಪ್ ಮಾಡುತ್ತಾರೆ. ವಿಂಡೋಸ್ 11, 512 ಜಿಬಿ ಎಸ್‌ಎಸ್‌ಡಿ. ಅಪ್ಪನ ಫೈಲ್‌ಗಳಿಗೆ ಏನೂ ಆಗದ ಹಾಗೆ ಎರಡನ್ನೂ ಇಟ್ಟುಕೊಳ್ಳಬಹುದಾ ಸರ್?

ಉತ್ತರ: ಖಂಡಿತ ಇಟ್ಟುಕೊಳ್ಳಬಹುದು. ವಿಂಡೋಸ್ ಮೊದಲೇ ಇರುವುದು ಒಳ್ಳೆಯದೇ ಆಯಿತು. ಆಮೇಲೆ ಬರುವ ಉಬುಂಟು ಗ್ರಬ್ ಅನ್ನುವ ಮೆನು ಹಾಕುತ್ತದೆ. ಆನ್ ಮಾಡಿದ ಕೂಡಲೇ ಯಾವುದು ಬೇಕು ಅಂತ ಅದು ಕೇಳುತ್ತದೆ.

ಉಬುಂಟು ಹಾಕುವುದು ಈಗ ಸುಲಭ. ಅದಕ್ಕಿಂತ ಮುಂಚಿನ ಕೆಲಸದಲ್ಲೇ ಜನ ಅವಸರ ಮಾಡಿ ಫೈಲ್ ಕಳೆದುಕೊಳ್ಳುತ್ತಾರೆ. ಹಾಗಾಗಿ ಅಪ್ಪನ ಫೈಲ್‌ಗಳಿಂದಲೇ ಶುರು ಮಾಡಿ. ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ, ಬೇರೆ ಕಂಪ್ಯೂಟರ್‌ನಲ್ಲಿ ನಾಲ್ಕು ಫೈಲ್ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನಂತೂ ನಂಬುವುದಿಲ್ಲ. ಉಬುಂಟು ಹಾಕಲು ಬೇರೆಯೇ ಪೆನ್‌ಡ್ರೈವ್ ಇರಲಿ, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.

ಆಮೇಲೆ ಬಿಟ್‌ಲಾಕರ್. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ, ನಿಮಗೆ ಗೊತ್ತಿಲ್ಲದೆಯೇ ಡಿಸ್ಕ್‌ಗೆ ಬೀಗ ಬಿದ್ದಿರಬಹುದು. ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ಮೊದಲು ಓಡುವ ಒಳಗಿನ ಸೆಟ್ಟಿಂಗ್‌ಗಳಲ್ಲಿ) ಏನಾದರೂ ಬದಲಾದರೆ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಆರಾರು ಅಂಕಿಯ ಎಂಟು ಗುಂಪು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಇನ್ನೊಬ್ಬರ ಕೈಯಲ್ಲಿ ಗಟ್ಟಿಯಾಗಿ ಓದಿಸಿ ತಾಳೆ ನೋಡಿ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಡಿವೈಸ್ ಎನ್‌ಕ್ರಿಪ್ಶನ್ ಅನ್ನುವ ಈ ಬೀಗವನ್ನು ಆಫ್ ಮಾಡಿ. ಆಫ್ ಆಗಲು ಸಾಕಷ್ಟು ಹೊತ್ತು ಹಿಡಿಯುತ್ತದೆ. ಚಾರ್ಜರ್ ಹಾಕಿಟ್ಟು ಪೂರ್ತಿ ಮುಗಿಯುವ ತನಕ ಕಾಯಿರಿ.

ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಕೂಡ ತೆಗೆಯಿರಿ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ. ಆಗ ಉಬುಂಟುವಿನಿಂದ ಸಿ ಡ್ರೈವ್‌ಗೆ ಏನಾದರೂ ಬರೆದರೆ ಫೈಲ್‌ಗಳು ಕೆಡಬಹುದು.

ಈಗ ಜಾಗ ಮಾಡುವ ಕೆಲಸ. ಇದನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಮಾಡಿ. ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್. ಲೆಕ್ಕ ಎಂಬಿಯಲ್ಲಿ ಕೇಳುತ್ತದೆ. 100 ಜಿಬಿಗೆ 102400 ಅಂತ ಹಾಕಿ. ನಿಮ್ಮ ಓದಿಗೆ ಅಷ್ಟು ಧಾರಾಳ ಸಾಕು. ಹೊಸ ಜಾಗ ಕಪ್ಪು ಪಟ್ಟಿಯಾಗಿ, ಅನ್‌ಅಲೊಕೇಟೆಡ್ ಅಂತ ಕಾಣುತ್ತದೆ. ಅದನ್ನು ಹಾಗೇ ಬಿಡಿ, ಹೊಸ ಡ್ರೈವ್ ಮಾಡಲು ಹೋಗಬೇಡಿ.

ಪೆನ್‌ಡ್ರೈವ್‌ನಿಂದ ಬೂಟ್ ಆದಾಗ ಮೊದಲು 'ಟ್ರೈ ಉಬುಂಟು' ಒತ್ತಿ. ವೈಫೈ, ಸೌಂಡ್, ಟಚ್‌ಪ್ಯಾಡ್ ಸರಿಯಿದೆಯಾ ನೋಡಿ. ಇನ್‌ಸ್ಟಾಲ್ ಮಾಡುವಾಗ 'ಇರೇಸ್ ಡಿಸ್ಕ್' ಅಂತ ಒಂದು ಆಯ್ಕೆ ಬರುತ್ತದೆ. ಅದನ್ನು ಮಾತ್ರ ಮುಟ್ಟಬೇಡಿ. ಅದು ಉಬುಂಟುವಿಗೆ ಜಾಗ ಮಾಡುವುದಿಲ್ಲ, ಡಿಸ್ಕನ್ನೇ ಖಾಲಿ ಮಾಡುತ್ತದೆ. ನಿಮಗೆ ಬೇಕಾದದ್ದು ವಿಂಡೋಸ್ ಪಕ್ಕದಲ್ಲಿ ಹಾಕುವ, 'ಅಲಾಂಗ್‌ಸೈಡ್' ಅಂತ ಬರೆದಿರುವ ಆಯ್ಕೆ. ಅದು ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ, ಅಂದಾಜಿನ ಮೇಲೆ ಮುಂದೆ ಹೋಗಬೇಡಿ.

ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿ ಕಾಣುವುದೇ ಇಲ್ಲ. ಬಯೋಸ್‌ನಲ್ಲಿ ಸ್ಟೋರೇಜ್ ಇಂಟೆಲ್‌ನದೇ ಆದ ಆರ್‌ಎಸ್‌ಟಿ ಮೋಡ್‌ನಲ್ಲಿ ಇರುವುದೇ ಕಾರಣ. ಸೀದಾ ಹೋಗಿ ಎಎಚ್‌ಸಿಐ ಅನ್ನುವ ಸಾಮಾನ್ಯ ಮೋಡ್‌ಗೆ ಬದಲಾಯಿಸಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ವಿಂಡೋಸ್ ಸೇಫ್ ಮೋಡ್‌ನಲ್ಲಿ (ಬೇಕೇಬೇಕಾದಷ್ಟು ಮಾತ್ರ ಓಡುವ ಸ್ಥಿತಿಯಲ್ಲಿ) ಏಳುವ ಹಾಗೆ ಮಾಡಿ ರೀಸ್ಟಾರ್ಟ್ ಕೊಡಿ, ಆಗ ಬಯೋಸ್‌ನಲ್ಲಿ ಬದಲಾಯಿಸಿ. ಒಮ್ಮೆ ಎದ್ದ ಮೇಲೆ ಸೇಫ್ ಮೋಡ್ ತೆಗೆಯಿರಿ. ಸೇಫ್ ಮೋಡ್‌ನಲ್ಲಿ ಪಿನ್ ಕೈಕೊಡಬಹುದು, ಖಾತೆಯ ಪಾಸ್‌ವರ್ಡ್ ನೆನಪಿರಲಿ.

ಅಪ್ಪನ ನುಡಿ ವಿಂಡೋಸ್‌ನಲ್ಲಿ ಹಾಗೇ ಇರುತ್ತದೆ. ಉಬುಂಟುವಿನಲ್ಲಿ ಅವರಿಗೆ ಕನ್ನಡ ಟೈಪ್ ಮಾಡಬೇಕು ಅನಿಸಿದರೆ, ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ನುಡಿಯಲ್ಲಿ ಬಳಸುವ ಕಗಪ ಕೀಲಿ ವಿನ್ಯಾಸ ಸೇರಿಸಿಕೊಡಿ. ಬೆರಳಿಗೆ ಅಭ್ಯಾಸ ಇರುವ ಕೀಲಿಗಳೇ ಸಿಗುತ್ತವೆ. ಹಳೆಯ ನುಡಿ ಫಾಂಟ್‌ನ ಕಡತಗಳನ್ನು ಮಾತ್ರ ವಿಂಡೋಸ್‌ನಲ್ಲೇ ತೆರೆಯಲಿ. ಆ ಫಾಂಟ್ ಇಲ್ಲದ ಕಡೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಫೈಲ್ ಹಾಳಾಯಿತು ಅಂತ ಅಪ್ಪ ಗಾಬರಿಯಾಗುವುದು ಬೇಡ, ಅಲ್ವಾ?

ಪ್ರಶ್ನೆ: ಉಬುಂಟು ಹಾಕಿದ ಮೇಲೆ ವಿಂಡೋಸ್‌ನಲ್ಲಿ ಗಡಿಯಾರ ಹಿಂದೆ ಓಡುತ್ತಿದೆ. ಬೆಳಗ್ಗೆ 10 ಗಂಟೆಗೆ 4:30 ತೋರಿಸುತ್ತದೆ. ಬ್ಯಾಟರಿ ಹೋಗಿದೆಯಾ?

ಉತ್ತರ: ಬ್ಯಾಟರಿ ಚೆನ್ನಾಗಿಯೇ ಇದೆ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ, ನೋಡಿ. ಲಂಡನ್ನಿನ ಗ್ರೀನಿಚ್ ಸಮಯಕ್ಕೂ ನಮಗೂ ಇರುವುದು ಅಷ್ಟೇ ಅಂತರ. ಕಂಪ್ಯೂಟರ್ ಒಳಗಿನ ಗಡಿಯಾರದಲ್ಲಿ ಉಬುಂಟು ಯುಟಿಸಿ, ಅಂದರೆ ಆ ಗ್ರೀನಿಚ್ ಸಮಯ ಇಡುತ್ತದೆ. ವಿಂಡೋಸ್ ಅದನ್ನೇ ನಮ್ಮೂರಿನ ಸಮಯ ಅಂದುಕೊಳ್ಳುತ್ತದೆ. ಉಬುಂಟುವಿನ ಟರ್ಮಿನಲ್‌ನಲ್ಲಿ timedatectl set-local-rtc 1 ಅನ್ನುವ ಕಮಾಂಡ್ ಕೊಟ್ಟು, ವಿಂಡೋಸ್‌ನಲ್ಲಿ ಒಮ್ಮೆ ಸಮಯ ಸಿಂಕ್ ಮಾಡಿ. ವಿಂಡೋಸ್‌ನ ರಿಜಿಸ್ಟ್ರಿ ಬದಲಾಯಿಸಿಯೂ ಸರಿ ಮಾಡಬಹುದು, ಆದರೆ ಎರಡರಲ್ಲಿ ಒಂದನ್ನೇ ಮಾಡಿ. ಎರಡೂ ಕಡೆ ಬದಲಾಯಿಸಿದರೆ ಅದೇ ಐದೂವರೆ ಗಂಟೆ ಮತ್ತೆ ವಾಪಸ್ ಬರುತ್ತದೆ.